ರಾಗವನ್ನು ಮಾರಬೇಡಿ, ಬಾಡಿಗೆಗೆ ಕೊಡಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಇನ್ಫೊಸಿಸ್ ಸಂಸ್ಥೆಯ ‘ಫಿನಾಕಲ್’ ಎಂಬ ಬ್ಯಾಂಕಿಂಗ್ ತಂತ್ರಾಂಶವನ್ನು ಅನೇಕ ದೇಶಗಳ ಬ್ಯಾಂಕುಗಳು ಬಳಸುತ್ತಿವೆ. ಹಾಗೆಂದು ಆ ಬ್ಯಾಂಕುಗಳು ಅದನ್ನು ಕೊಂಡುಕೊಂಡಿವೆ ಎಂದು ಅರ್ಥವಲ್ಲ. ಇಂತಿಷ್ಟು ಅವಧಿಗೆ, ಇಂಥ ಉಪಯೋಗಕ್ಕೆ ಎಂಬ ಷರತ್ತಿನ ಮೇಲೆ ಅವು ಪರವಾನಗಿ ಪಡೆದಿವೆ. ತಂತ್ರಾಂಶದ ಒಡೆತನ ಅದನ್ನು ರೂಪಿಸಿದವರಲ್ಲೇ ಉಳಿದಿದೆ. ಒಬ್ಬರಿಗೆ ಕೊಟ್ಟ ಸರಕನ್ನೇ ಇನ್ನೊಬ್ಬರಿಗೂ ಕೊಡಬಹುದು, ಕೊಟ್ಟ ಮೇಲೂ ಅದು ತಮ್ಮದೇ ಆಗಿರುತ್ತದೆ ಎಂಬುದು ಜ್ಞಾನಾಧಾರಿತ ಉದ್ಯಮದ ಮೂಲ ಪಾಠ. ತಲೆ ಎಣಿಸಿ, ಗಂಟೆ ಎಣಿಸಿ ದುಡಿಮೆ ಮಾರುವುದಕ್ಕೆ ಒಂದು ಮಿತಿಯಿದೆ ಎಂಬುದನ್ನು ನಮ್ಮ ಮಾಹಿತಿ ತಂತ್ರಜ್ಞಾನ ಕಂಪನಿಗಳು ಬಹಳ ಹಿಂದೆಯೇ ಅರಿತುಕೊಂಡವು.

ವಿಪರ್ಯಾಸವೆಂದರೆ, ಇದೇ ಪ್ರದೇಶದಲ್ಲಿ ವಾಸಿಸುವ ಇನ್ನೊಂದು ವರ್ಗದ ಸೃಜನಶೀಲರಿಗೆ ಈ ಪಾಠ ತಲುಪಿಯೇ ಇಲ್ಲ. ನೀಲಾದ್ರಿ ರಸ್ತೆಯ ಪಿ.ಜಿ.ಗಳಲ್ಲೋ, ವೈಟ್‌ಫೀಲ್ಡಿನ ಹೋಪ್ ಫಾರಂ ಸುತ್ತಲಿನ ಬಾಡಿಗೆ ಮನೆಗಳಲ್ಲೋ, ಪೀಣ್ಯಕ್ಕೆ ಹೊಂದಿಕೊಂಡ ದಾಸರಹಳ್ಳಿಯಲ್ಲೋ ಒಂದು ಲ್ಯಾಪ್‌ಟಾಪ್, ಒಂದು ಕೀಬೋರ್ಡ್, ಒಂದು ಮೈಕ್ ಇಟ್ಟುಕೊಂಡು ರಾತ್ರಿ ಸಂಗೀತ ಸಂಯೋಜಿಸುವ ಯುವಕ ಯುವತಿಯರಿದ್ದಾರೆ. ಹಗಲು ಕಚೇರಿಯಲ್ಲಿ ತಂತ್ರಾಂಶ ಪರೀಕ್ಷಿಸುವವರು, ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ಕೆಲಸ ಬಿಟ್ಟು ಸಂಗೀತವನ್ನೇ ನೆಚ್ಚಿಕೊಂಡವರು ಎಲ್ಲರೂ ಅವರಲ್ಲಿ ಸೇರಿದ್ದಾರೆ. ಕಿರುಚಿತ್ರ, ಧಾರಾವಾಹಿ, ಜಾಹೀರಾತು, ಕಂಪನಿಗಳ ಪರಿಚಯ ಚಿತ್ರಗಳಿಗೆ ಅವರು ಹಿನ್ನೆಲೆ ಸಂಗೀತ ಒದಗಿಸುತ್ತಾರೆ. ಅವರಲ್ಲಿ ಬಹುತೇಕರು ತಮ್ಮ ಕೃತಿಯನ್ನು ಪರವಾನಗಿಯ ಮೇಲೆ ಕೊಡುವುದಿಲ್ಲ. ಒಂದೇ ಗಂಟಿಗೆ ಮಾರುತ್ತಾರೆ. ಎಷ್ಟೋ ಸಲ ಅದಕ್ಕೊಂದು ಕಾಗದವೂ ಇರುವುದಿಲ್ಲ. ಮೊಬೈಲಿನಲ್ಲಿ ಬಂದ ಎರಡು ಸಾಲಿನ ಸಂದೇಶವೇ ಒಪ್ಪಂದ.

ಚಲನಚಿತ್ರ ಮತ್ತು ದೂರದರ್ಶನ ವಾಹಿನಿಗಳಿಗೆ ಸಂಗೀತ ಒದಗಿಸುವುದನ್ನು ಬಾಳಿಕೆಯ ವೃತ್ತಿಯನ್ನಾಗಿ ಮಾಡಿಕೊಳ್ಳಲು ಪ್ರತಿಭೆಯಷ್ಟೇ ಸಾಲದು. ಒಡೆತನವನ್ನು ಉಳಿಸಿಕೊಳ್ಳುವ ವಿವೇಕ ಬೇಕು ಮತ್ತು ಆ ವಿವೇಕಕ್ಕೆ ಬೆಂಬಲವಾಗುವ ವ್ಯವಸ್ಥೆ ಬೇಕು ಎಂಬುದು ಈ ಲೇಖನದ ವಾದ.

ಈ ಮಾತು ಬೆಂಗಳೂರಿನ ಹೊರವಲಯದ ಹಳೆಯ ನಿವಾಸಿಗಳಿಗೆ ಬೇಗ ಅರ್ಥವಾದೀತು. ಕಾಡುಗೋಡಿ, ವರ್ತೂರು, ಹೆಬ್ಬಗೋಡಿಗಳಲ್ಲಿ ಎರಡು ಬಗೆಯ ಕುಟುಂಬಗಳಿವೆ. ಮೊದಲ ಬೆಲೆ ಬಂದಾಗಲೇ ಇದ್ದ ಜಮೀನನ್ನೆಲ್ಲ ಮಾರಿದವರು ಒಂದು ಬಗೆ. ನಾಲ್ಕು ಗುಂಟೆಯನ್ನಾದರೂ ಉಳಿಸಿಕೊಂಡು ಅದರ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರು ಇನ್ನೊಂದು ಬಗೆ. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಮೊದಲನೆಯವರು ಅನುಭವದಿಂದ ಕಲಿತರು. ಎರಡನೆಯವರ ಮನೆಗೆ ತಿಂಗಳು ತಿಂಗಳೂ ಬಾಡಿಗೆ ಬರುತ್ತಿದೆ. ಆ ಬಾಡಿಗೆ ಕೋಣೆಯಲ್ಲಿ ಕುಳಿತ ಸಂಯೋಜಕ ತನ್ನ ರಾಗವನ್ನು ಮಾತ್ರ ಮೊದಲನೆಯವರಂತೆ ಕ್ರಯಕ್ಕೆ ಬರೆದುಕೊಡುತ್ತಿದ್ದಾನೆ.

ಪೀಣ್ಯದ ಸಣ್ಣ ಉದ್ಯಮಿಗಳ ಭಾಷೆಯಲ್ಲಿ ಹೇಳುವುದಾದರೆ ಅವನು ಜಾಬ್ ವರ್ಕ್ ಮಾಡುವವನು. ಬೇರೆಯವರ ನಕ್ಷೆಗೆ ತಕ್ಕಂತೆ ಬಿಡಿಭಾಗ ತಿರುಗಿಸಿಕೊಟ್ಟು ಕೂಲಿ ಪಡೆಯುವುದು ಒಂದು ಬದುಕು. ಸ್ವಂತ ಡೈ, ಸ್ವಂತ ಉತ್ಪನ್ನ ಇಟ್ಟುಕೊಂಡು ಹಲವರಿಗೆ ಸರಬರಾಜು ಮಾಡುವುದು ಇನ್ನೊಂದು. ಆರ್ಡರು ನಿಂತ ದಿನ ಮೊದಲನೆಯವನ ಯಂತ್ರವೂ ನಿಲ್ಲುತ್ತದೆ. ಎರಡನೆಯವನಿಗೆ ಹೊಸ ಗಿರಾಕಿಯನ್ನು ಹುಡುಕಿಕೊಳ್ಳುವ ಅವಕಾಶವಾದರೂ ಇರುತ್ತದೆ.

ಒಂದು ಹಾಡಿನಲ್ಲಿ ಒಂದೇ ಆಸ್ತಿ ಇದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಕನಿಷ್ಠ ಎರಡು ಆಸ್ತಿಗಳಿವೆ. ಸ್ವರ ಮತ್ತು ಸಾಹಿತ್ಯ ಸೇರಿದ ಕೃತಿ ಒಂದು. ಅದನ್ನು ಹಾಡಿ, ನುಡಿಸಿ ಮುದ್ರಿಸಿದ ಧ್ವನಿಮುದ್ರಣ ಇನ್ನೊಂದು. ಟೈಟಾನ್ ಗಡಿಯಾರದ ಜಾಹೀರಾತಿನ ಸಂಗೀತವನ್ನು ಕೇಳದ ಭಾರತೀಯರು ವಿರಳ. ಆ ಕಂಪನಿಯ ಕೇಂದ್ರ ಕಚೇರಿ ಇಂದು ಇರುವುದು ಎಲೆಕ್ಟ್ರಾನಿಕ್ ಸಿಟಿಯ ವೀರಸಂದ್ರದಲ್ಲಿ. ಆ ಸಂಗೀತದ ಮೂಲ ಮೊಜಾರ್ಟ್ 1773ರಲ್ಲಿ ರಚಿಸಿದ 25ನೇ ಸಿಂಫನಿ. ಮೊಜಾರ್ಟ್ 1791ರಲ್ಲೇ ತೀರಿಕೊಂಡದ್ದರಿಂದ ಆ ಸ್ವರಗಳಿಗಾಗಿ ಇಂದು ಯಾರಿಗೂ ಹಣ ಕೊಡಬೇಕಿಲ್ಲ. ಆದರೆ ಯಾವುದಾದರೂ ವಾದ್ಯವೃಂದ ಇತ್ತೀಚೆಗೆ ನುಡಿಸಿ ಮುದ್ರಿಸಿದ್ದನ್ನು ಹಾಗೆಯೇ ತೆಗೆದುಕೊಂಡು ದೃಶ್ಯಕ್ಕೆ ಜೋಡಿಸುವುದಾದರೆ ಆ ಮುದ್ರಣದ ಒಡೆಯರ ಅನುಮತಿ ಬೇಕೇ ಬೇಕು. ನಮ್ಮ ಪುರಂದರದಾಸರ ಕೀರ್ತನೆಗಳಿಗೂ ಶಿಶುನಾಳ ಷರೀಫರ ತತ್ವಪದಗಳಿಗೂ ಇದೇ ನಿಯಮ. ಪದ ಎಲ್ಲರದು; ಗಾಯಕರ ಕಂಠದಲ್ಲಿ ಮುದ್ರಿತವಾದ ಹಾಡು ಎಲ್ಲರದಲ್ಲ.

ನಮ್ಮ ಕಾನೂನಿನಲ್ಲಿ ಕೃತಿಯ ಮೇಲಿನ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಬಾಳುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಮಗ, ಮೊಮ್ಮಗನವರೆಗೂ ಆದಾಯ ತರಬಲ್ಲ ಇಂಥ ಆಸ್ತಿಯನ್ನು ಎರಡು ತಿಂಗಳ ಮನೆ ಬಾಡಿಗೆಯಷ್ಟು ಹಣಕ್ಕೆ ಪೂರ್ತಿಯಾಗಿ ಬಿಟ್ಟುಕೊಡುವುದು ಎಷ್ಟು ಸರಿ?

ಬಿಟ್ಟುಕೊಡುವ ಈ ಪರಿಪಾಠಕ್ಕೆ ಇತಿಹಾಸವೂ ಕಾರಣ. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ವ್ಯಾಖ್ಯಾನಿಸಿ 1977ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ, ಹಣ ಕೊಟ್ಟು ಸಂಗೀತ ಮಾಡಿಸಿಕೊಂಡ ಚಿತ್ರ ನಿರ್ಮಾಪಕನೇ, ಬೇರೆ ಒಪ್ಪಂದವಿಲ್ಲದಿದ್ದರೆ, ಆ ಸಂಗೀತದ ಮೊದಲ ಒಡೆಯ. ಅದೇ ತೀರ್ಪಿಗೆ ಸೇರಿಸಿದ ಟಿಪ್ಪಣಿಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಗಾಯಕರಿಗೆ ಕಾನೂನಿನಲ್ಲಿ ರಕ್ಷಣೆಯೇ ಇಲ್ಲದಿರುವುದನ್ನು ಎತ್ತಿ ತೋರಿಸಿದ್ದರು. ಗಾಯಕರ ಹಕ್ಕಿಗೆ ಕಾನೂನಿನ ಮನ್ನಣೆ ಸಿಗಲು 1994ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಸಂಯೋಜಕರ ಮತ್ತು ಗೀತರಚನಕಾರರ ಸರದಿ ಬಂದದ್ದು 2012ರಲ್ಲಿ. ಜಾವೇದ್ ಅಖ್ತರ್ ಅವರು ರಾಜ್ಯಸಭೆಯಲ್ಲಿ ಪ್ರಬಲವಾಗಿ ಪ್ರತಿಪಾದಿಸಿದ ಆ ತಿದ್ದುಪಡಿ ಅದೇ ವರ್ಷದ ಜೂನ್ 21ರಂದು ಜಾರಿಗೆ ಬಂತು.

ಹೀಗೆ ತಿದ್ದುಪಡಿಗೊಂಡ ಕಾಯ್ದೆಯ ಸಾರವನ್ನು ಪ್ರತಿಯೊಬ್ಬ ಯುವ ಸಂಯೋಜಕನೂ ಕಂಠಪಾಠ ಮಾಡಿಕೊಳ್ಳಬೇಕು. ಚಿತ್ರಕ್ಕಾಗಿ ರಚಿಸಿದ ಸಂಗೀತ ಮತ್ತು ಸಾಹಿತ್ಯದ ಹಕ್ಕನ್ನು ವರ್ಗಾಯಿಸಿದರೂ, ಚಿತ್ರಮಂದಿರದ ಪ್ರದರ್ಶನವೊಂದನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕರ್ತೃ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟಿದ್ದೇನೆ ಎಂದು ಬರೆದು ಸಹಿ ಹಾಕಿದ್ದರೂ ಆ ಬರಹ ಅಸಿಂಧು. ಒಪ್ಪಂದ ಮಾಡಿಕೊಂಡ ಕಾಲದಲ್ಲಿ ಇಲ್ಲದಿದ್ದ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಹೆಸರಿಸಿರದಿದ್ದರೆ, ಹಳೆಯ ವರ್ಗಾವಣೆ ಅನ್ವಯಿಸುವುದಿಲ್ಲ. ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಪರಿಗಣಿಸಬೇಕು. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಎಫ್.ಎಂ. ರೇಡಿಯೊ ಪ್ರಸಾರಕ್ಕೂ ಕರ್ತೃಗಳಿಗೆ ರಾಯಲ್ಟಿ ಸಲ್ಲಬೇಕೆಂದು ಹೇಳಿ ಈ ತಿದ್ದುಪಡಿಗೆ ಬಲ ತುಂಬಿತು. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಕನ್ನಡದ ಕಿರಿಯ ಸಂಯೋಜಕರ ಕೈಗೆ ಸಿಗುವ ಒಪ್ಪಂದಗಳಲ್ಲಿ ‘ಸಮಸ್ತ ಹಕ್ಕುಗಳು, ಶಾಶ್ವತವಾಗಿ, ವಿಶ್ವದಾದ್ಯಂತ’ ಎಂಬ ಪದಪುಂಜ ರಾರಾಜಿಸುತ್ತಿರುತ್ತದೆ.

ಹಳೆಯ ಹಾಡಿಗೆ ಏನು ಬೆಲೆ ಎಂದು ಕೇಳುವವರು ಪೀಣ್ಯದ ಮಗ್ಗುಲಿನ ಯಶವಂತಪುರ ಪೊಲೀಸ್ ಠಾಣೆಯ ಎರಡು ಪ್ರಕರಣಗಳನ್ನು ನೆನಪಿಸಿಕೊಳ್ಳಬಹುದು. ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ 2022ರಲ್ಲಿ ದೂರು ನೀಡಿತು. ಆ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತು. ಹೈಕೋರ್ಟ್ ಮರುದಿನವೇ ಷರತ್ತಿನೊಂದಿಗೆ ಆ ಆದೇಶವನ್ನು ತೆರವುಗೊಳಿಸಿತು. 2024ರಲ್ಲಿ ‘ಬ್ಯಾಚುಲರ್ ಪಾರ್ಟಿ’ ಚಿತ್ರದಲ್ಲಿ ‘ಗಾಳಿಮಾತು’ (1981) ಮತ್ತು ‘ನ್ಯಾಯ ಎಲ್ಲಿದೆ’ (1982) ಚಿತ್ರಗಳ ಹಾಡುಗಳನ್ನು ಬಳಸಿದ ಬಗ್ಗೆ ಅದೇ ಸಂಸ್ಥೆ ದೂರು ನೀಡಿತು. ವ್ಯಾಜ್ಯ ದೆಹಲಿ ಹೈಕೋರ್ಟಿಗೂ ಹೋಯಿತು. ನಿರ್ಮಾಪಕರ ಕಡೆಯವರು 20 ಲಕ್ಷ ರೂಪಾಯಿ ಠೇವಣಿ ಇಡಬೇಕೆಂದು ಅಲ್ಲಿ ಮಧ್ಯಂತರ ಆದೇಶವಾಯಿತು. ಯಾರು ಸರಿ, ಯಾರು ತಪ್ಪು ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾವು ಗಮನಿಸಬೇಕಾದದ್ದು ಬೇರೆ. ನಾಲ್ಕು ದಶಕ ಹಳೆಯ ಕನ್ನಡ ಹಾಡಿನ ತುಣುಕೊಂದು ಇಂದಿಗೂ ಲಕ್ಷಗಟ್ಟಲೆ ರೂಪಾಯಿಯ ಪ್ರಶ್ನೆಯಾಗಬಲ್ಲದು. ಮತ್ತು ಎರಡೂ ಸಲ ಹಕ್ಕು ಕೇಳಿ ಬಂದದ್ದು ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡ ಸಂಸ್ಥೆ.

ಆದ್ದರಿಂದ ಬಾಳಿಕೆಯ ವೃತ್ತಿ ಬೇಕೆನ್ನುವವರು ಒಂದು ಯಶಸ್ವಿ ಹಾಡಿಗಾಗಿ ಕಾಯುವ ಬದಲು ಸಣ್ಣ ಸಣ್ಣ ಕೃತಿಗಳ ಸಂಗ್ರಹವನ್ನು ಕಟ್ಟಿಕೊಳ್ಳಬೇಕು. ವೀಣೆಯ ಒಂದು ನಿಮಿಷ, ಡೊಳ್ಳಿನ ಮೂವತ್ತು ಸೆಕೆಂಡು, ಮಳೆಗಾಲದ ಬೆಳಗಿಗೆ ಹೊಂದುವ ಕೊಳಲು, ಹೀಗೆ ವರ್ಷಕ್ಕೆ ಇಪ್ಪತ್ತು, ಮೂವತ್ತು ತುಣುಕುಗಳು ಸೇರಿದರೂ ಹತ್ತು ವರ್ಷದಲ್ಲಿ ಅದೊಂದು ಬಂಡವಾಳ. ಹನಿ ಹನಿ ಕೂಡಿದರೆ ಹಳ್ಳ. ಒಂದನ್ನೇ ಒಬ್ಬ ಗಿರಾಕಿಗೆ ಧಾರಾವಾಹಿಗೂ ಮತ್ತೊಬ್ಬರಿಗೆ ಸಾಕ್ಷ್ಯಚಿತ್ರಕ್ಕೂ ಕೊಡಬಹುದು. ತನಗೊಬ್ಬನಿಗೇ ಬೇಕು ಎನ್ನುವವನಿಂದ ಹೆಚ್ಚು ಪಡೆಯಬಹುದು.

ಸಂಗ್ರಹದ ಜೊತೆಗೆ ದಾಖಲೆಯೂ ಬೇಕು. ಪಹಣಿಯಿಲ್ಲದ ಹೊಲಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ ಎಂಬುದನ್ನು ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನಂಥವರು ಪುನಃ ಹೇಳಬೇಕಾಗಿಲ್ಲ. ಮೂವರು ಸೇರಿ ಸಂಯೋಜಿಸಿದ್ದರೆ ಯಾರ ಪಾಲು ಎಷ್ಟು ಎಂಬುದನ್ನು ಆ ದಿನವೇ ಬರೆದು ಮೂವರೂ ಸಹಿ ಹಾಕಬೇಕು. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಅಂತರರಾಷ್ಟ್ರೀಯ ಸಂಕೇತ ಪಡೆಯಬೇಕು. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲವಾದರೂ ವಿವಾದ ಬಂದಾಗ ಅದು ಪುರಾವೆಯಾಗುತ್ತದೆ. 2013ರ ನಿಯಮಗಳು ಸಂಗೀತ ಕೃತಿಗೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ ನಿಗದಿಪಡಿಸಿದವು. ಕರ್ತೃಗಳ ಪರವಾಗಿ ರಾಯಲ್ಟಿ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆ 1969ರಲ್ಲಿ ಸ್ಥಾಪನೆಯಾಗಿ, 2017ರಲ್ಲಿ ಹೊಸ ಕಾನೂನಿನಡಿ ಪುನಃ ನೋಂದಣಿಯಾಯಿತು. ಅದರ ಸದಸ್ಯರಾಗದವರ ಪಾಲು ಅವರನ್ನು ಹುಡುಕಿಕೊಂಡು ಬರುವುದಿಲ್ಲ. ಸದಸ್ಯರಾದರೂ, ಧಾರಾವಾಹಿಯ ಯಾವ ಕಂತಿನಲ್ಲಿ ಯಾರ ಸಂಗೀತ ಎಷ್ಟು ಸೆಕೆಂಡು ಬಂತು ಎಂದು ನಮೂದಿಸುವ ‘ಕ್ಯೂ ಶೀಟ್’ ಎಂಬ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಹಣ ದಾರಿಯಲ್ಲೇ ನಿಲ್ಲುತ್ತದೆ. ಆ ಪಟ್ಟಿಯ ಪ್ರತಿಯನ್ನು ಕೇಳಿ ಪಡೆಯುವುದು ಸಂಯೋಜಕನ ಹಕ್ಕೆಂದು ಒಪ್ಪಂದದಲ್ಲೇ ಸೇರಿಸಿಕೊಳ್ಳಬೇಕು.

ಹಾಗೆಯೇ ಕೊಡುವ ಸರಕು ಕಳಂಕರಹಿತವಾಗಿರಬೇಕು. ‘ಕಾಂತಾರ’ ಚಿತ್ರದ ಹಾಡೊಂದು ತಮ್ಮ ‘ನವರಸಂ’ ಕೃತಿಯನ್ನು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ 2022ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಚಿತ್ರತಂಡ ಆರೋಪವನ್ನು ನಿರಾಕರಿಸಿತು. ಆದರೂ ಆ ನವೆಂಬರ್‌ನಲ್ಲಿ ಚಿತ್ರ ಒಟಿಟಿಗೆ ಬಂದಾಗ ಹಾಡು ಬೇರೆ ರಾಗದಲ್ಲಿತ್ತು. ಮೂಲ ರಾಗ ಮರಳಿದ್ದು ಆಮೇಲೆ. ದೊಡ್ಡ ಸಂಸ್ಥೆ ಇಂಥ ಆಘಾತವನ್ನು ತಾಳಿಕೊಳ್ಳುತ್ತದೆ. ಎಲ್ಲಿಂದಲೋ ಎತ್ತಿಕೊಂಡ ಲಯವನ್ನು ತನ್ನದೆಂದು ಬರೆದುಕೊಟ್ಟ ಕಿರಿಯ ಸಂಯೋಜಕನಿಗೆ ಒಂದು ನೋಟಿಸೇ ವೃತ್ತಿಯ ಕೊನೆಯಾಗಬಹುದು.

ನಿರ್ಮಾಪಕರ ಕಡೆಯ ವಾದವನ್ನೂ ಕೇಳಬೇಕು. ಕನ್ನಡ ಚಿತ್ರಗಳಲ್ಲಿ ಹಾಕಿದ ಬಂಡವಾಳ ಮರಳಿಸುವಂಥವು ಕೆಲವೇ. ನಷ್ಟದ ಹೊರೆ ಹೊರುವವರು ನಾವು, ಒಟ್ಟು ಮೊತ್ತ ಪಡೆದು ನಿಶ್ಚಿಂತನಾದ ಸಂಯೋಜಕನಿಗೆ ಲಾಭದಲ್ಲಿ ಪಾಲೇಕೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ತಿರುಳಿಲ್ಲದಿಲ್ಲ. ಅರ್ಥಶಾಸ್ತ್ರದ ದೃಷ್ಟಿಯಿಂದ ಉತ್ತರವೂ ಅದರಲ್ಲೇ ಇದೆ. ಆರಂಭದ ಮೊತ್ತವನ್ನು ಕಡಿಮೆ ಮಾಡಿ, ಮುಂದಿನ ಆದಾಯದಲ್ಲಿ ಪಾಲು ಕೊಟ್ಟರೆ ನಿರ್ಮಾಪಕನ ಹೊರೆಯೂ ಇಳಿಯುತ್ತದೆ. ಚಿತ್ರ ಸೋತರೆ ಇಬ್ಬರಿಗೂ ನಷ್ಟ, ಗೆದ್ದರೆ ಇಬ್ಬರಿಗೂ ಲಾಭ. ಗೆದ್ದಾಗಿನ ಪೂರ್ತಿ ಪಾಲು ಒಬ್ಬರಿಗೆ ಎನ್ನುವುದು ಮಾತ್ರ ವ್ಯಾಪಾರಧರ್ಮವಲ್ಲ.

ಹಕ್ಕು ಕೇಳಿದರೆ ಕೆಲಸವೇ ಕೈತಪ್ಪುತ್ತದೆ ಎಂಬುದು ಯುವಜನರ ಭಯ. ಭಯ ನಿಜ. ಆದರೆ ಪೀಣ್ಯದ ಕಾರ್ಮಿಕನೊಬ್ಬ ಕನಿಷ್ಠ ವೇತನ ಬೇಡವೆಂದು ಬರೆದುಕೊಟ್ಟರೂ ಕಾನೂನು ಒಪ್ಪುವುದಿಲ್ಲವಷ್ಟೆ. ಚೌಕಾಸಿಯ ಶಕ್ತಿಯಿಲ್ಲದವನನ್ನು ಅವನ ಅಸಹಾಯಕತೆಯಿಂದಲೇ ಕಾಪಾಡುವುದು ಅಂಥ ನಿಯಮದ ಉದ್ದೇಶ. 2012ರ ತಿದ್ದುಪಡಿಯ ಉದ್ದೇಶವೂ ಅದೇ. ನಿಯಮ ಎಲ್ಲರಿಗೂ ಒಂದೇ ಎಂದಾದಾಗ ಅದನ್ನು ಕೇಳುವವನು ತಂಟೆಕೋರ ಎನಿಸಿಕೊಳ್ಳುವುದಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಸವಾಲು ಎದುರಾಗಿದೆ. ಕಂಪನಿಯ ಪರಿಚಯ ಚಿತ್ರಕ್ಕೆ ಬೇಕಾದ ಸಾಧಾರಣ ಹಿನ್ನೆಲೆ ಸಂಗೀತವನ್ನು ಯಂತ್ರ ಕ್ಷಣಾರ್ಧದಲ್ಲಿ ತಯಾರಿಸುತ್ತದೆ. ಜಾಬ್ ವರ್ಕ್ ನೆಚ್ಚಿಕೊಂಡ ಸಂಯೋಜಕರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ. ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರ್‌ನಲ್ಲಿ ಓಪನ್ ಎಐ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿ ತಮ್ಮನ್ನೂ ಸೇರಿಸಿಕೊಳ್ಳಬೇಕೆಂದು 2025ರಲ್ಲಿ ಸಂಗೀತ ಕಂಪನಿಗಳು ಕೋರಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ ಹೊರತಂದ ಕಾರ್ಯಪತ್ರವು, ಯಂತ್ರಗಳ ತರಬೇತಿಗೆ ಕೃತಿಗಳನ್ನು ಬಳಸುವವರು ಕಡ್ಡಾಯ ಪರವಾನಗಿಯಡಿ ಕರ್ತೃಗಳಿಗೆ ಸಂಭಾವನೆ ನೀಡುವ ಪದ್ಧತಿಯನ್ನು ಸೂಚಿಸಿತು. ನಾಳೆ ಅದು ಜಾರಿಗೆ ಬಂದರೂ ಹಣ ಸೇರುವುದು ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರಿಗೆ. ಹಕ್ಕನ್ನು ಮಾರಿಕೊಂಡವನಿಗೆ ಅದರಲ್ಲೂ ಪಾಲು ಅನುಮಾನವೇ.

ಸರ್ಕಾರದ ಧೋರಣೆಯಲ್ಲಿ ಬದಲಾವಣೆ ಬೇಕಾದದ್ದು ಇಲ್ಲಿ. ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದ ಕಾರ್ಯಕರ್ತರ ಕ್ಷೇಮಕ್ಕಾಗಿ ರಾಜ್ಯ ಶಾಸನಸಭೆ 2024ರಲ್ಲಿ ಕಾಯ್ದೆಯೊಂದನ್ನು ಅಂಗೀಕರಿಸಿತು. ಟಿಕೆಟ್ ಮತ್ತು ಒಟಿಟಿ ಚಂದಾ ಹಣದ ಮೇಲೆ ಶೇ 1ರಿಂದ 2ರವರೆಗೆ ಉಪಕರ ವಿಧಿಸಲು ಅದರಲ್ಲಿ ಅವಕಾಶವಿದೆ. ಉದ್ದೇಶ ಒಳ್ಳೆಯದು. ಆದರೆ ವೃದ್ಧಾಪ್ಯದಲ್ಲಿ ಕಲಾವಿದನಿಗೆ ಸಹಾಯಧನ ನೀಡುವುದಕ್ಕಿಂತ ಅವನು ಗಳಿಸಿದ್ದೇ ಅವನಿಗೆ ತಲುಪುವಂತೆ ನೋಡಿಕೊಳ್ಳುವುದು ಹೆಚ್ಚು ಗೌರವದ ಮಾರ್ಗ. ಅನಿಮೇಷನ್, ದೃಶ್ಯಪರಿಣಾಮ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ 2012ರಲ್ಲೇ ನೀತಿ ರೂಪಿಸಿದ, 2021ರಲ್ಲಿ ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರ ತೆರೆದ, 2024ರಲ್ಲಿ ನೀತಿಯನ್ನು ಪರಿಷ್ಕರಿಸಿದ ರಾಜ್ಯ ನಮ್ಮದು. ಚಿತ್ರ, ಆಟಗಳಿಗೆ ಜೀವ ತುಂಬುವ ಸಂಗೀತಕಾರರಿಗೆ ಪರವಾನಗಿಯ ತರಬೇತಿಯನ್ನು ಅಲ್ಲಿಯೇ ನೀಡಬಹುದು.

ಕೇಂದ್ರವೂ ಒಂದು ತಾರತಮ್ಯವನ್ನು ಸರಿಪಡಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯು ಪುಸ್ತಕ ಬರೆದವರ ಮತ್ತು ಪೇಟೆಂಟ್ ಪಡೆದವರ ರಾಯಲ್ಟಿಗೆ 3 ಲಕ್ಷ ರೂಪಾಯಿವರೆಗೆ ಕಡಿತದ ಸೌಲಭ್ಯ ಕಲ್ಪಿಸಿತು. ಸಂಗೀತ ಸಂಯೋಜಕನನ್ನು ಆ ಸಾಲಿಗೆ ಸೇರಿಸಲಿಲ್ಲ. ಪೇಟೆಂಟ್ ಪಡೆದ ಎಂಜಿನಿಯರಿಗೆ ಸಂದ ಮನ್ನಣೆ ಅವನ ಪಕ್ಕದ ಮನೆಯ ಸಂಯೋಜಕನಿಗೆ ಏಕಿಲ್ಲ ಎಂಬುದಕ್ಕೆ ಸಮಂಜಸ ಉತ್ತರ ಕಾಣುವುದಿಲ್ಲ.

ಈ ಪ್ರದೇಶದ ಕಂಪನಿಗಳಿಗೂ ಒಂದು ಮಾತು. ತಮ್ಮ ತಂತ್ರಾಂಶದ ಒಂದೇ ಒಂದು ಪ್ರತಿ ಅನಧಿಕೃತವಾಗಿ ಬಳಕೆಯಾದರೂ ವಕೀಲರನ್ನು ಕಳಿಸುವ ಅವು, ತರಬೇತಿ ಚಿತ್ರಕ್ಕೆ, ಉತ್ಪನ್ನ ಬಿಡುಗಡೆಗೆ, ಫೋನಿನಲ್ಲಿ ಕಾಯುವವರ ಕಿವಿಗೆ ಕೇಳಿಸುವ ಸಂಗೀತಕ್ಕೆ ಪರವಾನಗಿ ಇದೆಯೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಸ್ಥಳೀಯ ಸಂಯೋಜಕರಿಂದ ನ್ಯಾಯಬದ್ಧ ಪರವಾನಗಿಯ ಮೇಲೆ ಸಂಗೀತ ಪಡೆದರೆ ಅವರ ಲೆಕ್ಕಪತ್ರದಲ್ಲಿ ಅದು ಕಣ್ಣಿಗೂ ಬೀಳದ ಖರ್ಚು.

ತಕ್ಷಣ ಮಾಡಬಹುದಾದ ಒಂದು ಕೆಲಸವಿದೆ. ಕನ್ನಡ ಚಿತ್ರಗಳಿಗೆ ರಾಜ್ಯ ಸರ್ಕಾರ ಪ್ರತಿವರ್ಷದ ಲೆಕ್ಕದಲ್ಲಿ ಸಹಾಯಧನ ನೀಡುತ್ತದೆ. ಆ ಅರ್ಜಿಯ ಜೊತೆಗೆ ಸಂಯೋಜಕ ಮತ್ತು ಗೀತರಚನಕಾರರೊಂದಿಗೆ ಕಾನೂನಿಗೆ ಅನುಗುಣವಾಗಿ ಮಾಡಿಕೊಂಡ ಲಿಖಿತ ಒಪ್ಪಂದದ ಪ್ರತಿಯನ್ನು ಲಗತ್ತಿಸಬೇಕು ಎಂದು ಒಂದು ಸಾಲಿನ ಷರತ್ತು ಸೇರಿಸಿದರೆ ಸಾಕು. ವಾರ್ತಾ ಇಲಾಖೆ ಅಂಥ ಒಪ್ಪಂದದ ಮಾದರಿಯೊಂದನ್ನು ಸರಳ ಕನ್ನಡದಲ್ಲಿ ಪ್ರಕಟಿಸಲಿ. ಇದಕ್ಕೆ ಬೊಕ್ಕಸದಿಂದ ಹಣ ಬೇಡ, ಹೊಸ ಶಾಸನವೂ ಬೇಡ. ಒಂದು ಸುತ್ತೋಲೆ ಸಾಕು.